ಸೂರ್ಯ ಹುಟ್ಟುವ ಮುಂಚಿನ ನೀರು

ಬೆಳಗಿನ ಜಾವ ಐದೂವರೆ. ಬೆಂಗಳೂರಿನ ಜಕ್ಕೂರು ಕೆರೆಯ ಏರಿ ಮೇಲೆ ಇನ್ನೂ ಕತ್ತಲು. ಮಾರ್ಚ್ ತಿಂಗಳು, ಎಲೆ ಅಲುಗುವಷ್ಟೂ ಗಾಳಿಯಿಲ್ಲ. ನಿಮ್ಮ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಾಟಲಿಗಳ ಬುಟ್ಟಿ. ಜೊಂಡಿನೊಳಗಿಂದ ಜಂಬುಕೋಳಿ ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಏರಿ ಇಳಿದು ನೀರಿನಂಚಿಗೆ ಬಂದೊಡನೆ ಕೆಸರಿನ ವಾಸನೆ. ಅದರಲ್ಲಿ ಕೊಳೆತ ಮೊಟ್ಟೆಯ ನಾತ ಬೆರೆತಿದೆಯೇ? ಎಲ್ಲಕ್ಕಿಂತ ಮೊದಲು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಳ್ಳಿ. ಬೆಳಕಾಗುವ ಹೊತ್ತಿಗೆ ಮೂಗಿಗೆ ಅದು ಅಭ್ಯಾಸವಾಗಿಬಿಡುತ್ತದೆ.

ತೆಪ್ಪಕ್ಕೆ ಬಲೆ ತುಂಬುತ್ತಿದ್ದ ಮೀನುಗಾರ ನಿಮ್ಮನ್ನು ನೋಡಿ ಕೈಯೆತ್ತುತ್ತಾರೆ. "ಕಾಲುವೆ ಬಂದ್ ಸೇರೋ ಕಡೆ ನೋಡಿ ಸಾರ್, ಮೀನು ಮೇಲಕ್ ಬಂದು ಬಾಯಿ ಬಿಡ್ತಾ ಐತೆ." ಟಾರ್ಚು ಹಾಯಿಸಿದರೆ ನೀರಿನ ಮೇಲೆ ಪುಟ್ಟ ಪುಟ್ಟ ಉಂಗುರಗಳು, ಒಂದೊಂದರ ನಡುವೆಯೂ ತೆರೆದು ಮುಚ್ಚುವ ಬಾಯಿ. ನೀವು ಅಳೆಯಲು ಬಂದದ್ದನ್ನು ಅವರು ಆಗಲೇ ಹೇಳಿಯಾಯಿತು. ಕೆರೆ ನೀರಿನ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಇಂಥವರನ್ನೇ.

ಮುನ್ನೂರು ಮಿಲಿಯ ಗಾಜಿನ ಬಾಟಲಿಯನ್ನು ಓರೆಯಾಗಿ ಮುಳುಗಿಸಿ. ಬುಳುಬುಳು ಎಂದರೆ ಗಾಳಿ ಸೇರಿತು, ಚೆಲ್ಲಿ ಮತ್ತೆ ತುಂಬಿ. ನೀರು ಸದ್ದಿಲ್ಲದೆ ಒಳಗಿಳಿಯಬೇಕು, ನೀರೊಳಗೇ ಬಿರಡೆ ಹಾಕಬೇಕು. ದಡಕ್ಕೆ ತಂದು ಬಿರಡೆ ತೆಗೆದು, ಪಿಪೆಟ್ಟಿನ ತುದಿಯನ್ನು ನೀರಿನೊಳಗೆ ಇಳಿಸಿ ಮೊದಲು ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಕ್ಷಾರೀಯ ಅಯೋಡೈಡ್ ಬಿಡಿ. ಬಾಟಲಿಯೊಳಗೆ ಮೋಡ ಕವಿದಂತೆ ಗಷ್ಟು ಕಟ್ಟುತ್ತದೆ. ಟಾರ್ಚಿನ ಬೆಳಕಿಗೆ ಹಿಡಿಯಿರಿ. ನೀರಿನಲ್ಲಿ ಆಮ್ಲಜನಕ ಚೆನ್ನಾಗಿದ್ದರೆ ಗಷ್ಟು ಗಾಢ ಕಂದು, ಏನೂ ಇಲ್ಲದಿದ್ದರೆ ಬರೀ ಬಿಳುಪು. ನಿಮ್ಮ ಕೈಯಲ್ಲಿರುವುದು ಮಾಸಲು ಕಂದು.

1888ರಲ್ಲಿ ವಿಂಕ್ಲರ್ ಎಂಬ ಹಂಗೆರಿಯ ರಸಾಯನ ವಿಜ್ಞಾನಿ ಪ್ರಕಟಿಸಿದ ಕ್ರಮವಿದು. ಈಗ ನೀರಿಗಿಳಿಸಿದರೆ ಅಂಕಿ ತೋರಿಸುವ ಮೀಟರುಗಳಿವೆ. ಆದರೂ ಕಲಿಯುವವರ ಕೈಗೆ ನಾನು ಮೊದಲು ಈ ಬಾಟಲಿಯನ್ನೇ ಕೊಡುತ್ತೇನೆ. ಕೆರೆಯ ಉಸಿರನ್ನು ಕಣ್ಣಾರೆ ಕಂಡವರು ಅದನ್ನು ಮರೆಯುವುದಿಲ್ಲ.

ಸಲ್ಫ್ಯೂರಿಕ್ ಆಮ್ಲ ಬಿದ್ದೊಡನೆ ಗಷ್ಟು ಕರಗಿ ನೀರು ಹಳದಿಯಾಗುತ್ತದೆ. ಅದರಿಂದ ಇನ್ನೂರು ಮಿಲಿ ಅಳೆದು, ಬ್ಯೂರೆಟ್ಟಿನಿಂದ ಥಯೋಸಲ್ಫೇಟನ್ನು ಹನಿಹನಿಯಾಗಿ ಬಿಡಿ. ಹಳದಿ ತೆಳುವಾದಾಗ ಗಂಜಿಯ ದ್ರಾವಣ ಹಾಕಿದರೆ ಕಡು ನೀಲಿ. ಇನ್ನು ಅವಸರ ಬೇಡ. ಒಂದು ಹನಿ, ಫ್ಲಾಸ್ಕು ತಿರುಗಿಸಿ. ಮತ್ತೊಂದು. ತಟ್ಟನೆ ನೀಲಿ ಮಾಯ. ಈ ಲೆಕ್ಕದಲ್ಲಿ ಸುರಿದ ಒಂದು ಮಿಲಿಗೆ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕ. ಬ್ಯೂರೆಟ್ಟು ನಾಲ್ಕರ ಗೆರೆ ಮುಟ್ಟಿಲ್ಲ. ಮೀನು ಸಾಕಣೆಗೆ, ಜಲಜೀವಿಗಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಿತಿಯೇ ನಾಲ್ಕು.

ಇದೇ ಜಾಗಕ್ಕೆ ಮಧ್ಯಾಹ್ನ ಎರಡು ಗಂಟೆಗೆ ಬಂದರೆ ಲೆಕ್ಕ ತಲೆಕೆಳಗಾಗಬಹುದು. ನೀರು ಹಸಿರಾಗಿರುವುದು ಪಾಚಿಯಿಂದ. ಕೊಳಚೆಯೊಡನೆ ಬರುವ ಸಾರಜನಕ, ರಂಜಕಗಳೇ ಅದಕ್ಕೆ ಗೊಬ್ಬರ. ಬಿಸಿಲಲ್ಲಿ ಪಾಚಿ ಆಮ್ಲಜನಕವನ್ನು ಕಕ್ಕುತ್ತದೆ, ರಾತ್ರಿಯಿಡೀ ಅದೂ ಉಸಿರಾಡಿ ಖರ್ಚು ಮಾಡುತ್ತದೆ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯ ನೀರು ಸಹಜವಾಗಿ ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. ಪಾಚಿ ಹೆಚ್ಚಿದ ಕೆರೆ ಹಗಲಲ್ಲಿ ಅದನ್ನೂ ಮೀರುತ್ತದೆ. ಅದೇ ಹೊತ್ತಿನಲ್ಲಿ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಏರುತ್ತದೆ. ಏರಿದಷ್ಟೂ ನೀರಿನ ಅಮೋನಿಯಂ ಮೀನಿಗೆ ವಿಷವಾಗುವ ಅಮೋನಿಯಾಕ್ಕೆ ತಿರುಗುತ್ತದೆ. ಹಗಲು ಬಂದು ಆಮ್ಲಜನಕವೊಂದನ್ನೇ ಅಳೆದು ಹೋದವರ ಕಾಗದದಲ್ಲಿ ಕೆರೆ ಆರೋಗ್ಯವಾಗಿರುತ್ತದೆ, ಮೀನು ನಸುಕಿನಲ್ಲಿ ಸಾಯುತ್ತಿರುತ್ತದೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದನ್ನು ಊರೇ ನೋಡಿದೆ. ನೀರಿನ ವರದಿಯಲ್ಲಿ ತಾರೀಕಿನ ಪಕ್ಕ ಗಂಟೆ ಬರೆದಿಲ್ಲವೆಂದರೆ ಆ ವರದಿಯನ್ನು ನಾನು ನಂಬುವುದಿಲ್ಲ.

ನೀವು ಬರೆಯಿರಿ: 5.50, ಕಾಲುವೆ ಬಾಯಿ, ಗಾಳಿಯಿಲ್ಲ, ಮೀನು ಮೇಲೆ.

ಪೂರ್ವ ಬೆಳ್ಳಗಾಗುತ್ತಿದೆ. ಸಂಸ್ಕರಿಸಿದ ನೀರು ಈ ಕೆರೆಗೆ ಬರುವುದು ಜೊಂಡು ಬೆಳೆದ ಜೌಗನ್ನು ಹಾದು. ಅಲ್ಲಿಂದ ಒಂದು ಬಾಟಲಿ ತುಂಬಿಸಬೇಕು. ಕೆರೆ ಸುಮಾರು 160 ಎಕರೆ, ನಡೆಯುವ ದಾರಿ ಉದ್ದ. ಆಮೇಲೆ ಕೋಡಿಯ ಹತ್ತಿರ ಇನ್ನೊಂದು ಬಾಟಲಿ. ಇಲ್ಲಿ ಕೋಡಿ ಬಿದ್ದ ನೀರು ರಾಚೇನಹಳ್ಳಿ ಕೆರೆಗೆ ಹೋಗುತ್ತದೆ, ಅಲ್ಲಿಯೂ ಬಲೆ ಬೀಸುವವರಿದ್ದಾರೆ. ಬುಟ್ಟಿ ಎತ್ತಿಕೊಳ್ಳಿ, ಬಿಸಿಲು ನೀರಿಗೆ ತಾಗುವ ಮೊದಲು ಎರಡೂ ತುಂಬಬೇಕು.