ಕನ್ನೆ, ಅಣ್ಣೆ, ಗೋಣಿ, ಕೊಮ್ಮೆ

ಮುಂಗಾರಿನ ಎರಡು ಹದ ಮಳೆ ಬಿದ್ದು ವಾರ ಕಳೆಯಿತೆಂದರೆ ನನ್ನ ಕಣ್ಣು ನೆಲ ಬಿಟ್ಟು ಏಳುವುದಿಲ್ಲ. ಬಿಳಿಚೋಡಿನ ಸುತ್ತಮುತ್ತ ಆಗ ಎಲ್ಲರೂ ಮೆಕ್ಕೆಜೋಳದ ಮೊಳಕೆ ನೋಡುತ್ತಿದ್ದರೆ ನಾನು ಬದುವಿನ ಮಗ್ಗುಲಲ್ಲಿ ಯಾರೂ ಬಿತ್ತದೆ ಎದ್ದ ಸೊಪ್ಪು ಹುಡುಕುತ್ತೇನೆ. ನೀಲಿ ಹೂವಿನ ಕನ್ನೆ. ಗುಲಾಬಿ-ಬಿಳಿ ತೆನೆ ಹೊರಡುವ ಮೊದಲೇ ಚಿವುಟಬೇಕಾದ ಅಣ್ಣೆ. ಕೆಂಪು ದಂಟನ್ನು ನೆಲದುದ್ದ ಚಾಚುವ, ದಪ್ಪ ಎಲೆಯ, ಹುಳಿ ಗೋಣಿ. ಮಣ್ಣಿಗೆ ಮೈಚೆಲ್ಲಿ ಮಲಗುವ ಕೊಮ್ಮೆ. ಅಲ್ಲಲ್ಲಿ ಕೀರೆ, ಗಣಿಕೆ. ಜಗಳೂರು ತಾಲ್ಲೂಕು ಬರಕ್ಕೆ ಹೆಸರಾದದ್ದು. ಅಂಥ ನೆಲ ನಾಲ್ಕು ಹನಿ ಬಿದ್ದದ್ದಕ್ಕೆ ಇಷ್ಟು ಬಗೆಯ ಊಟ ಕೊಡುತ್ತದಲ್ಲ ಎಂದು ಪ್ರತಿ ವರ್ಷವೂ ನನಗೆ ಹೊಸದಾಗಿ ಹಿಗ್ಗಾಗುತ್ತದೆ.

ಈ ಹುಚ್ಚು ಹತ್ತಿಸಿದವಳು ನನ್ನ ದೊಡ್ಡವ್ವ, ಅವ್ವನ ಅಕ್ಕ. ಎಂಬತ್ತರ ಹತ್ತಿರ ಬಂದಿದ್ದಾಳೆ. ಬೆಳಿಗ್ಗೆ ಬಿಪಿ ಮಾತ್ರೆ ನುಂಗಿದ್ದು ಹತ್ತು ಗಂಟೆಗೆ ಮರೆಯುತ್ತಾಳೆ, ಕೇಳಿದ ಮಾತನ್ನೇ ಮತ್ತೆ ಕೇಳುತ್ತಾಳೆ. ಅವಳ ತಾಯಿಗೂ ಅಣ್ಣನಿಗೂ ಕೊನೆಗಾಲದಲ್ಲಿ ಮನೆಯವರ ಗುರುತೇ ಹತ್ತುತ್ತಿರಲಿಲ್ಲ. ಆಗ ಅದನ್ನು ಅರಳುಮರಳು ಎಂದು ಕರೆದು ಸುಮ್ಮನಾಗುತ್ತಿದ್ದರು. ಈಗ ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ತನ್ನ ರಕ್ತ ಪರೀಕ್ಷೆ ಮಾಡಿಸಿಕೊಂಡು, ಎಪಿಒಇ ಎಂಬ ಜೀನಿನ ನಾಲ್ಕನೇ ಬಗೆಯ ಒಂದು ಪ್ರತಿ ತನ್ನಲ್ಲಿದೆ ಎಂಬ ಕಾಗದ ಹಿಡಿದು ಊರಿಗೆ ಬಂದ. ಹುಡುಗನ ಮುಖ ಬಾಡಿತ್ತು.

ಅವನ ಜೊತೆ ಕೂತು ಓದಿ ತಿಳಿದದ್ದಿಷ್ಟು. ಈ ಜೀನಿನ ಎರಡು ಪ್ರತಿ ಎಲ್ಲರಲ್ಲೂ ಇರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ನಾಲ್ಕನೇ ಬಗೆಗೂ ಅಲ್ಝೈಮರ್ ಎಂಬ ಮರೆವಿನ ಕಾಯಿಲೆಗೂ ನಂಟಿದೆ ಎಂದು 1993ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ತೋರಿಸಿದರು. ಒಂದು ಪ್ರತಿ ಇದ್ದವರಿಗೆ ಅಪಾಯ ಎರಡು-ಮೂರು ಪಟ್ಟು, ಎರಡೂ ಅದೇ ಆದರೆ ಎಂಟು-ಹನ್ನೆರಡು ಪಟ್ಟು ಎನ್ನುತ್ತಾರೆ. ಈ ಲೆಕ್ಕ ಹೆಚ್ಚಾಗಿ ಯುರೋಪು ಮೂಲದವರನ್ನು ನೋಡಿ ಹಾಕಿದ್ದು. ಆ ನಾಲ್ಕನೇ ಬಗೆ ಇದ್ದೂ ಕಡೆಯವರೆಗೆ ನೆನಪು ಗಟ್ಟಿಯಿದ್ದವರಿದ್ದಾರೆ, ಇಲ್ಲದೆಯೂ ಮರೆವಿಗೆ ಬಿದ್ದವರಿದ್ದಾರೆ. ನಮ್ಮ ಹುಡುಗನಿಗೆ ಅದು ನಮ್ಮ ಕಡೆಯಿಂದ ಬಂತೋ ಅವನ ತಾಯಿ ಕಡೆಯಿಂದಲೋ ಆ ಕಾಗದ ಹೇಳುವುದಿಲ್ಲ. ದೊಡ್ಡವ್ವನಿಗೂ ಪರೀಕ್ಷೆ ಮಾಡಿಸೋಣವೇ ಎಂದ. ಬೇಡವೆಂದೆ. ಉತ್ತರ ಏನೇ ಬಂದರೂ ನಾಳೆ ಬೆಳಿಗ್ಗೆ ನಾವು ಮಾಡುವುದು ಅದನ್ನೇ: ಅವಳ ಕೈಗೊಂದು ಬುಟ್ಟಿ ಕೊಟ್ಟು ಹೊಲಕ್ಕೆ ಕರೆದುಕೊಂಡು ಹೋಗುವುದು.

ಹೊಲದಲ್ಲಿ ದೊಡ್ಡವ್ವ ಬೇರೆಯೇ ಹೆಂಗಸು. ಮನೆಯಲ್ಲಿ ಇವತ್ತು ಯಾವ ವಾರ ಎಂದರೆ ತಡವರಿಸುವವಳು, ಬದುವಿನ ಮೇಲೆ ನಿಂತು ಯಾವ ಮಳೆ ನಡೆದಿದೆ ಎಂದರೆ "ಮಿರುಗ ಮುಗೀತು, ಆರಿದ್ರ ಹುಟ್ಟಿ ಮೂರು ದಿನ ಆತು ಕಣವ್ವ" ಎನ್ನುತ್ತಾಳೆ. ನಾನು ಪಂಚಾಂಗ ನೋಡಿದರೆ ಸರಿಯೇ ಇರುತ್ತದೆ. ಶಾಲೆ ಕಾಣದ ಹಿರಿಯರ ನೆನಪನ್ನು ತಾರೀಖು, ಓದು, ಬರಹದಿಂದ ಅಳೆಯುವುದು ಅನ್ಯಾಯ ಎಂದು ತಿಳಿದೇ ಹರಿಯಾಣದ ಬಲ್ಲಭಗಡದ ಹಳ್ಳಿಗಳಿಗಾಗಿ ಸಂಶೋಧಕರು ಬೇರೆ ಪ್ರಶ್ನೆಪಟ್ಟಿ ಮಾಡಿ 1995ರಲ್ಲಿ ಪ್ರಕಟಿಸಿದರು. ನಮ್ಮ ಕಡೆಯವರಿಗೆ ಪ್ರಶ್ನೆ ಬರೆಯುವವರು ಮಳೆ ನಕ್ಷತ್ರದ ಹೆಸರುಗಳನ್ನೂ ಸೇರಿಸಲಿ ಎಂಬುದು ನನ್ನ ಆಸೆ.

ಅವಳ ಕೈ ಕೆಲಸ ಮಾಡುವುದನ್ನು ನೋಡುತ್ತಾ ಕೂರುವುದೇ ಒಂದು ಸುಖ. ಹೆಬ್ಬೆರಳು, ತೋರುಬೆರಳು ಮಾತ್ರ ಬೇಕು. ಕುಡಿಯಿಂದ ಮೂರೆಲೆ ಕೆಳಗೆ ಹಿಡಿದರೆ ಚಟ್ಟನೆ ಮುರಿಯಬೇಕು. ನಾರು ಎಳೆದರೆ ಬಲಿತಿದೆ, ಬಿಡು. ಬೇರು ಕೀಳಬಾರದು, ವಾರಕ್ಕೆ ಮತ್ತೆ ಚಿಗುರುತ್ತದೆ. ಬೆರಕೆಗೂ ಒಂದು ಹದವಿದೆ: ಸಪ್ಪೆ ಸೊಪ್ಪು ಮಡಿಲು ತುಂಬ, ಹುಳಿ ಸೊಪ್ಪು ಒಂದು ಹಿಡಿ, ಕಹಿ ಇದ್ದರೂ ಇಲ್ಲದಂತೆ ಚೂರು. ಅಲ್ಝೈಮರ್ ಮೊದಲು ಹಿಡಿಯುವುದು ಹೊಸ ಸಂಗತಿಗಳನ್ನು ದಾಖಲಿಸುವ ಮೆದುಳಿನ ಭಾಗವನ್ನು. ಕೈಗೆ ಕೂತ ಕಸುಬಿನ ನೆನಪು ಬೇರೆ ಕಡೆ ಇರುವುದರಿಂದ ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಮರೆತದ್ದನ್ನು ಕೆದಕಿ ಕೇಳುವುದನ್ನು ನಾವು ಮನೆಯಲ್ಲಿ ಬಿಟ್ಟಿದ್ದೇವೆ. ಅವಳಿಗೆ ಗೊತ್ತಿರುವುದನ್ನು ನಾವು ಕಲಿಯುತ್ತೇವೆ.

ಒಮ್ಮೆ ಹುಡುಗ ಗಣಿಕೆಯ ಜೊತೆ ಇನ್ನೊಂದು ಎಳೆ ಸಸಿಯನ್ನೂ ಚಿವುಟಿ ಹಾಕಿದ್ದ. ದೊಡ್ಡವ್ವ ಬುಟ್ಟಿಯೊಳಗೆ ಕೈ ಆಡಿಸಿ, ಅದನ್ನೇ ಹೆಕ್ಕಿ ಎಸೆದಳು. "ಉಮ್ಮತ್ತಿ ಐತಲ್ಲಪ್ಪಾ ಇದು, ತಲೆ ಕೆಡಿಸ್ತೈತೆ." ಅವಳ ಮಾತು ವೈದ್ಯಶಾಸ್ತ್ರಕ್ಕೆ ಒಪ್ಪುತ್ತದೆ. ಉಮ್ಮತ್ತಿಯ ವಿಷ ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಕೆಲಸ ತಡೆಯುತ್ತದೆ. ಅಲ್ಝೈಮರ್ ಆದವರಲ್ಲಿ ಕಡಿಮೆಯಾಗುವುದೂ ಅದೇ. ಡಾಕ್ಟರು ಬರೆಯುವ ಡೊನೆಪೆಜಿಲ್ ಮಾತ್ರೆ ಉಳಿಸಿಕೊಡಲು ನೋಡುವುದೂ ಅದನ್ನೇ. ನೆಗಡಿಗೆ, ತುರಿಕೆಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಕ್ಲೋರ್‌ಫೆನಿರಮೈನ್‌ಗೂ, ಮೂತ್ರ ತಡೆಯಲು ಕೊಡುವ ಕೆಲವು ಮಾತ್ರೆಗಳಿಗೂ ಸ್ವಲ್ಪ ಮಟ್ಟಿಗೆ ಈ ಗುಣವಿದೆ. ವಯಸ್ಸಾದವರ ತಲೆ ಅದರಿಂದಲೇ ಮಂಕಾಗಬಹುದು. ಆವತ್ತೇ ದೊಡ್ಡವ್ವನ ಮಾತ್ರೆ ಡಬ್ಬಿ ಇಡಿಯಾಗಿ ಡಾಕ್ಟರ ಮುಂದೆ ಸುರಿದು ತೋರಿಸಿದೆವು.

ಮಧ್ಯಾಹ್ನ ಜಗಲಿಯ ಮೇಲೆ ಸೊಪ್ಪು ಸೋಸುವ ಕೆಲಸ. ಮೊರ ನಡುವೆ, ಸುತ್ತ ನಾವು. ಓಣಿಯ ಹೆಂಗಸರು ಹಾದು ಹೋಗುವವರು ಕೂತೇ ಬಿಡುತ್ತಾರೆ, ಅವರ ಕೈಗೂ ಒಂದು ಹಿಡಿ ಬರುತ್ತದೆ. ದೊಡ್ಡವ್ವನ ಕಿವಿ ಮಂದವಾಗಿತ್ತು. ಕಿವಿಗೆ ಯಂತ್ರ ಹಾಕಿಸಿದ ಮೇಲೆ ಮಾತಿಗೆ ಸೇರುತ್ತಾಳೆ, ಹಳೆಯ ಮದುವೆಗಳ ಬೀಗರ ಜಗಳಗಳನ್ನು ಊಟದ ಪಟ್ಟಿ ಸಮೇತ ಬಿಚ್ಚುತ್ತಾಳೆ. ಮರೆವಿನ ಕಾಯಿಲೆಗಳಲ್ಲಿ ಸುಮಾರು ಶೇ. 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿರಬಹುದು ಎಂದು 2024ರಲ್ಲಿ ಲ್ಯಾನ್ಸೆಟ್ ಆಯೋಗ ಹೇಳಿತು. ಅದು ಕೊಟ್ಟ ಹದಿನಾಲ್ಕು ಕಾರಣಗಳಲ್ಲಿ ಕಿವಿ ಕೇಳದಿರುವುದು, ಒಂಟಿತನ, ಕೂತಲ್ಲೇ ಕೂರುವುದು, ಬಿಪಿ, ಸಕ್ಕರೆ ಕಾಯಿಲೆ, ಪೊರೆ ತೆಗೆಸದ ಕಣ್ಣು ಇವೆ. ನಮ್ಮ ಜಗಲಿಯಲ್ಲಿ ಇವುಗಳ ಪೈಕಿ ಎಷ್ಟಕ್ಕೆ ದಿನಾ ಔಷಧಿ ನಡೆಯುತ್ತಿದೆ ಎಂದು ನೆನೆದರೆ ನನಗೆ ಧೈರ್ಯ ಬರುತ್ತದೆ.

ಅಡಿಗೆಗೆ ಹೆಚ್ಚು ಸಡಗರವಿಲ್ಲ. ತೊಗರಿಬೇಳೆ ಅರ್ಧ ಬೆಂದಾಗ ಸೊಪ್ಪು ಹಾಕಿ, ಹಸಿಮೆಣಸಿನಕಾಯಿ, ಟೊಮ್ಯಾಟೊ ಸೇರಿಸಿ, ಬೆಂದ ಮೇಲೆ ಕಡಗೋಲಿನಲ್ಲಿ ನುಣ್ಣಗೆ ಮಸೆಯುವುದು. ಮೇಲೆ ಶೇಂಗಾ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗುವ ತನಕ ಬಾಡಿಸಿದ ಒಗ್ಗರಣೆ. ಎಣ್ಣೆ ರುಚಿಗಷ್ಟೇ ಅಲ್ಲ: ಸೊಪ್ಪಿನ ಕೆ ವಿಟಮಿನ್ನು, ಲ್ಯೂಟೀನು ಮೈಗೆ ಹತ್ತಲು ಕೊಬ್ಬು ಬೇಕು. ಹಲ್ಲು ಉದುರಿದ ದೊಡ್ಡವ್ವನಿಗೆ ಮಸೆದ ಸೊಪ್ಪು ಗಂಟಲಲ್ಲಿ ಸಲೀಸು. ಬಿಸಿ ಮುದ್ದೆ ಮುರಿದು ಅದ್ದಿ ನುಂಗುವಾಗ ಗೋಣಿಯ ಹುಳಿ ನಾಲಿಗೆಯ ಬದಿಗೆ ತಾಕುತ್ತದಲ್ಲ, ಆ ಗಳಿಗೆಗಾಗಿ ನಾನು ವರ್ಷವಿಡೀ ಕಾಯುತ್ತೇನೆ. ಸೊಪ್ಪಿನಲ್ಲಿ ಅಪರೂಪವಾದ ಒಮೆಗಾ-3 ಕೊಬ್ಬು ಈ ಗೋಣಿಯಲ್ಲಿ ಚೆನ್ನಾಗಿದೆ ಎಂದು ತಿಳಿದಾಗ ನನಗೆ ಹೆಮ್ಮೆಯೇ ಆಯಿತು. ರಾಷ್ಟ್ರೀಯ ಪೋಷಣಾ ಸಂಸ್ಥೆ ದಿನಕ್ಕೆ 100 ಗ್ರಾಂ ಸೊಪ್ಪು ತಿನ್ನಿ ಎನ್ನುತ್ತದೆ. ಬೆರಕೆ ಸೊಪ್ಪಿನ ದಿನ ನಮ್ಮ ಮನೆಯಲ್ಲಿ ಅದು ಮೊದಲ ಬಡಿಸುವಿಕೆಗೇ ಮುಗಿಯುತ್ತದೆ.

ಸೊಪ್ಪು ನೆನಪನ್ನು ಕಾಯುತ್ತದೆಯೇ? ಷಿಕಾಗೋದಲ್ಲಿ ಸರಾಸರಿ 81 ವಯಸ್ಸಿನ 960 ಹಿರಿಯರನ್ನು ಸುಮಾರು ಐದು ವರ್ಷ ಗಮನಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನಾ ಸೊಪ್ಪು ತಿನ್ನುವವರ ನೆನಪು ತಿನ್ನದವರಿಗಿಂತ ಹನ್ನೊಂದು ವರ್ಷ ಎಳೆಯದೆಂಬಷ್ಟು ನಿಧಾನವಾಗಿ ಕುಂದಿತ್ತು. ಆದರೆ ಸೊಪ್ಪು, ಕಾಳು, ಬೀಜಗಳ ಮೈಂಡ್ ಊಟಕ್ರಮವನ್ನು ಮೂರು ವರ್ಷ ಪರೀಕ್ಷಿಸಿ ನೋಡಿದ 2023ರ ಪ್ರಯೋಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಭರವಸೆ ಕೊಟ್ಟದ್ದು ಫಿನ್‌ಲೆಂಡಿನ ಫಿಂಗರ್ ಅಧ್ಯಯನ. ಅಲ್ಲಿ 1,260 ಜನರಲ್ಲಿ ಅರ್ಧದಷ್ಟು ಮಂದಿಗೆ ಎರಡು ವರ್ಷ ಊಟ, ವ್ಯಾಯಾಮ, ತಲೆಗೆ ಕೆಲಸ, ಬಿಪಿ-ಸಕ್ಕರೆಯ ನಿಗಾ ನಾಲ್ಕನ್ನೂ ಒಟ್ಟಿಗೆ ಕೊಟ್ಟರು. 2015ರಲ್ಲಿ ಫಲಿತಾಂಶ ಬಂತು, ಉಳಿದವರಿಗಿಂತ ಅವರ ಬುದ್ಧಿಯ ಚುರುಕು ಹೆಚ್ಚು ಸುಧಾರಿಸಿತ್ತು. ಆ ನಾಲ್ಕನೇ ಬಗೆಯ ಜೀನಿದ್ದವರಿಗೂ ಪ್ರಯೋಜನವಾಗಿತ್ತು. ಇದನ್ನು ಓದಿದ ರಾತ್ರಿ ಹುಡುಗ ಚೆನ್ನಾಗಿ ಉಂಡ. ಸೊಪ್ಪನ್ನು ಒಣಗಿಸಿ ಪುಡಿ ಮಾಡಿ ಡಬ್ಬಿಯಲ್ಲಿ ಕಳಿಸಿಕೊಡಿ ಎನ್ನುವ ನೆಂಟರಿಗೆ ನಾನು ಹೇಳುವುದೂ ಇದನ್ನೇ: ನಡೆದು, ಬಗ್ಗಿ, ಹೆಸರು ಹಿಡಿದು, ನಾಲ್ಕು ಜನ ಕೂತು ಸೋಸಿದ ಸೊಪ್ಪು ಬೇರೆ.

ಸೊಪ್ಪಿನಲ್ಲಿ ಇಲ್ಲದ್ದೂ ಇದೆ. ಬಿ12 ವಿಟಮಿನ್ ಅದರಲ್ಲಿಲ್ಲ; ಅದು ಹಾಲು, ಮೊಸರು, ಮೊಟ್ಟೆ, ಮಾಂಸದಿಂದಲೇ ಬರಬೇಕು. ಅದು ತಗ್ಗಿದರೂ ಮರೆವು ಬರುತ್ತದೆ, ಥೈರಾಯ್ಡ್ ತಗ್ಗಿದರೂ ಬರುತ್ತದೆ, ಇವೆರಡಕ್ಕೂ ಚಿಕಿತ್ಸೆಯಿದೆ. ವಯಸ್ಸಾದವರ ಮರೆವನ್ನು ವಂಶದ ಮೇಲೆ ಹಾಕುವ ಮುಂಚೆ ಈ ಎರಡು ಪರೀಕ್ಷೆ ಮಾಡಿಸಲೇಬೇಕು. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ಸೊಪ್ಪನ್ನು ಒಂದೇ ಅಳತೆಯಲ್ಲಿ ತಿನ್ನಬೇಕು, ಮೂತ್ರಪಿಂಡ ಸೋತವರು ಡಾಕ್ಟರನ್ನು ಕೇಳಿ ತಿನ್ನಬೇಕು.

ನಮ್ಮ ಜನರ ಮೆದುಳಿನ ಲೆಕ್ಕ ನಮ್ಮಲ್ಲೇ ಶುರುವಾಗಿರುವುದು ನನಗೆ ದೊಡ್ಡ ಸಮಾಧಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುವ ಕೆಲಸ ಹಿಡಿದಿದ್ದಾರೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯದ ಆರೋಗ್ಯ ಇಲಾಖೆ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಆರಂಭಿಸಿತು. ಹಳ್ಳಿಯ ಮುದುಕಿಯ ಮರೆವೂ ಕಾಯಿಲೆಯೇ ಎಂದು ಸರ್ಕಾರ ಒಪ್ಪಿದ್ದೇ ದೊಡ್ಡದು.

ನನ್ನ ಚಿಂತೆ ಬದುವಿನದು. ಮೆಕ್ಕೆಜೋಳದ ಹೊಲಕ್ಕೆ ಕಳೆ ಔಷಧಿ ಬಿದ್ದರೆ ಕನ್ನೆಯೂ ಇಲ್ಲ, ಅಣ್ಣೆಯೂ ಇಲ್ಲ. ಅಳಿದುಳಿದ ಸೊಪ್ಪೂ ತಿನ್ನಲು ಯೋಗ್ಯವಲ್ಲ. ಹಾಗಾಗಿ ನಮ್ಮ ಹೊಲದಲ್ಲಿ ಶೇಂಗಾ ಬಿತ್ತುವ ತುಂಡಿಗೆ, ಅದರ ಸುತ್ತಣ ಬದುವಿಗೆ ಏನನ್ನೂ ಹೊಡೆಯುವುದಿಲ್ಲ. ಅಲ್ಲಿ ಕೈಯಿಂದಲೇ ಕಳೆ ತೆಗೆಯುತ್ತೇವೆ, ಕಿತ್ತ ಕಳೆಯಲ್ಲಿ ಅರ್ಧ ಮನೆಗೆ ಬರುತ್ತದೆ. ಈ ಸಲ ಹಿಂಗಾರಿಗೆ ಅದರ ಪಕ್ಕದ ಎರೆ ತುಂಡಿನಲ್ಲಿ ಕಡಲೆ ಹಾಕುವುದೆಂದು ದೊಡ್ಡವ್ವ ತೀರ್ಮಾನಿಸಿದ್ದಾಳೆ, ಚಿಗುರು ಚಿವುಟಿ ಪಲ್ಯ ಮಾಡಲು. ಹುಡುಗನಿಗೆ ಈಗಲೇ ಪಾಠ ನಡೆದಿದೆ. "ಕಡ್ಲೆ ಸೊಪ್ಪ ತೊಳೀಬಾರ್ದಪ್ಪಾ. ಹುಳಿ ಎಲ್ಲ ಎಲೆ ಮ್ಯಾಲೇ ಇರ್ತೈತೆ, ನೀರಿಗೆ ಹೊಕ್ಕೈತೆ. ಜಾಡಿಸಿ, ಹಂಗೇ ಹಾಕು."