ಬಳ್ಳಿಯ ಒಳದಾರಿ

ಬದಿಯಡ್ಕದ ಕಡೆ ನಮ್ಮ ಅಡಿಕೆ ತೋಟದ ಮೇಲಿನ ಬರೆಯಲ್ಲಿ ಒಂದು ಹಲಸಿನ ಮರ ಇತ್ತು. ಅದನ್ನು ಸಾಯಿಸಿದವನು ನಾನು. ಕತ್ತಿ ಹಿಡಿದವರು ಅಪ್ಪ, ಉಪಾಯ ನನ್ನದು.

ಆಗ ನಾನು ಹತ್ತನೇ ಕ್ಲಾಸು. ಮರದ ನೆರಳಿಗೆ ಎರಡು ಸಾಲು ಅಡಿಕೆ ಸೊರಗಿತ್ತು. ಕಡಿದರೆ ಮರ ತೋಟದ ಮೇಲೆಯೇ ಬೀಳುತ್ತದೆ ಅಂತ ಅಪ್ಪನಿಗೆ ಚಿಂತೆ. ಶಾಲೆಯಲ್ಲಿ ಕಲಿತದ್ದನ್ನು ನಾನು ಹೇಳಿದೆ: "ಬುಡದ ಸುತ್ತ ಒಂದು ಗೇಣು ಅಗಲಕ್ಕೆ ತೊಗಟೆ ತೆಗೆದರೆ ಸಾಕು ಅಪ್ಪ. ನಿಂತಲ್ಲೇ ಒಣಗುತ್ತದೆ. ಮತ್ತೆ ಒಂದೊಂದೇ ಗೆಲ್ಲು ಇಳಿಸಿದರೆ ಆಯಿತು." ಬೇರಿನ ನೀರು ಒಳಗಿನ ಗಟ್ಟಿ ಮರದ ಮೂಲಕ ಮೇಲೆ ಹೋಗುತ್ತದೆ. ಎಲೆ ಮಾಡಿದ ಆಹಾರ ಕೆಳಗೆ ಬರುವುದು ತೊಗಟೆಯ ಒಳಪದರದಲ್ಲಿ. ಅದಕ್ಕೆ ಫ್ಲೋಯಂ ಅಂತ ಹೆಸರು. ಆ ದಾರಿ ಕಡಿದರೆ ಬೇರು ಉಪವಾಸ ಬಿದ್ದು ಸಾಯುತ್ತದೆ. ಓದಿದ ವಿದ್ಯೆ ಮನೆಯ ಕೆಲಸಕ್ಕೆ ಬಂದದ್ದು ಅದೇ ಮೊದಲು. ನನಗೆ ಭಾರೀ ಹೆಮ್ಮೆ.

ದೀಪಾವಳಿ ಕಳೆದ ಮೇಲೆ ಕೆತ್ತಿದೆವು. ಮರಕ್ಕೆ ತೋಳುಗಾತ್ರದ ಒಂದು ಕಾಡುಬಳ್ಳಿ ಹಬ್ಬಿತ್ತು. ಅಲ್ಲಲ್ಲಿ ಗಂಟು ಉಬ್ಬಿದ ಬಳ್ಳಿ. ಅದರ ತೊಗಟೆಯನ್ನು ನಾನೇ ಸುಲಿದೆ. ಅಜ್ಜಿ ಅಂಗಳದಲ್ಲಿ ನಿಂತು ನೋಡಿದಳು, ಏನೂ ಹೇಳಲಿಲ್ಲ. ಮಳೆಗಾಲಕ್ಕೆ ಅವಳ ಭರಣಿಯ ಉಪ್ಪುಸೊಳೆ, ಡಬ್ಬದ ಹಪ್ಪಳ ಎಲ್ಲ ಆ ಮರದ್ದೇ.

ಬೇಸಗೆಯಲ್ಲಿ ಮರ ಎಂದೂ ಇಲ್ಲದಷ್ಟು ಕಾಯಿ ಬಿಟ್ಟಿತು. "ನೋಡು ಮಗಾ, ಮರಕ್ಕೆ ಎಂತದೂ ಆಗಲಿಲ್ಲ" ಅಂತ ಅಜ್ಜಿಗೆ ಸಂತೋಷ. ಒಂದು ತಿಂಗಳು ಅಂಗಳ ತುಂಬ ಹಪ್ಪಳ ಒಣಗಿತು. ಆಟಿ ತಿಂಗಳಲ್ಲಿ ಎಲೆ ಹಳದಿಯಾಯಿತು. ಮುಂದಿನ ದೀಪಾವಳಿಗೆ ಮರ ಬೋಳು.

ಬಳ್ಳಿ ಮಾತ್ರ ಹಸಿರಾಗಿಯೇ ಇತ್ತು. "ನೀನು ಸರಿ ಕೆತ್ತಲಿಲ್ಲ ಮಾರಾಯ" ಅಂದರು ಅಪ್ಪ. ನಾಚಿಕೆಯಾಗಿ ಮತ್ತೊಮ್ಮೆ ಕೆತ್ತಿದೆ, ಗಟ್ಟಿ ಮರ ಕಾಣುವವರೆಗೆ. ಅದು ಮತ್ತೂ ಚಿಗುರಿತು.

ಉತ್ತರ ಸಿಕ್ಕಿದ್ದು ಕಾಸರಗೋಡಿನಲ್ಲಿ ಬಿ.ಎಸ್ಸಿ. ಓದುವಾಗ. ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಒಂದು ಬಳ್ಳಿಯ ತುಂಡು ಕೊಟ್ಟರು. ಬ್ಲೇಡಿನಲ್ಲಿ ತೆಳ್ಳಗೆ ಸೀಳಿ, ಸಫ್ರನಿನ್ ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಸಾಮಾನ್ಯವಾಗಿ ಮರದ ಕಾಂಡದಲ್ಲಿ ಫ್ಲೋಯಂ ತೊಗಟೆಯಲ್ಲಿ ಮಾತ್ರ ಇರುವುದು. ಇಲ್ಲಿ ಕೆಂಪು ಬಣ್ಣ ಹಿಡಿದ ಮರದ ಒಂದು ಉಂಗುರ, ಅದರ ಹೊರಗೆ ಫ್ಲೋಯಂ, ಅದರ ಹೊರಗೆ ಮತ್ತೆ ಮರದ ಉಂಗುರ, ಮತ್ತೆ ಫ್ಲೋಯಂ. ಕಾಂಡ ದಪ್ಪವಾಗುವಾಗ ಇದು ಹಳೆಯ ಕ್ಯಾಂಬಿಯಂ ಒಂದನ್ನೇ ನಂಬಿ ಕೂರುವುದಿಲ್ಲ, ಹೊರಗೆ ಹೊಸ ಕ್ಯಾಂಬಿಯಂ ಹುಟ್ಟಿಸುತ್ತದೆ. ಅದು ಒಳಕ್ಕೆ ಮರವನ್ನೂ ಹೊರಕ್ಕೆ ಫ್ಲೋಯಂ ಅನ್ನೂ ಕಟ್ಟುತ್ತದೆ. ಹಳೆಯ ಫ್ಲೋಯಂ ಎರಡು ಉಂಗುರಗಳ ನಡುವೆ ಭದ್ರ. ಗಟ್ಟಿ ಉಂಗುರಗಳ ನಡುವೆ ಮೆತ್ತಗಿನ ಪದರ ಇರುವುದರಿಂದಲೇ ಬಳ್ಳಿ ಹುರಿ ಹಗ್ಗದ ಹಾಗೆ ತಿರುಚಿದರೂ ತುಂಡಾಗುವುದಿಲ್ಲ.

ಬಳ್ಳಿಯ ಹೆಸರು ನೀಟಮ್ ಉಲ. 'ಉಲ' ಮಲಯಾಳದ ಮಾತು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೊರ್ತುಸ್ ಮಲಬಾರಿಕಸ್'ನಲ್ಲೇ ಈ ಹೆಸರು ಇದೆ. ಎಲೆ ನೋಡಿದರೆ ಮಾವು ಹಲಸಿನ ಬಳಗ ಅನ್ನಬೇಕು, ಆದರೆ ಬೀಜಕ್ಕೆ ಹಣ್ಣಿನ ಹೊದಿಕೆ ಇಲ್ಲ. ಪೈನ್ ಮರದ ಹಾಗೆ ಇದೂ ಬತ್ತಲೆ ಬೀಜದ ಗಿಡ.

ರಜೆಗೆ ಊರಿಗೆ ಹೋದಾಗ ಒಣಗಿದ ಹಲಸಿನ ಗೆಲ್ಲು ಇಳಿಸುತ್ತಿದ್ದರು. ಜೊತೆಗೆ ಬಿದ್ದ ಬಳ್ಳಿಯ ತುಂಡನ್ನು ಗರಗಸದಲ್ಲಿ ಅಡ್ಡ ಕೊಯ್ದೆ. ಅದೇ ಉಂಗುರಗಳು, ಹೊರಗಿನವು ಒಂದೇ ಬದಿಗೆ ಹೆಚ್ಚು ಬೆಳೆದಿದ್ದವು. "ನಾವು ಕೆತ್ತಿದ್ದು ಇಷ್ಟೇ ಅಪ್ಪ, ಒಳಗೆ ಇನ್ನೂ ದಾರಿ ಇತ್ತು" ಅಂತ ತೋರಿಸಿದೆ. ಅಪ್ಪ ಉಗುರಿನಿಂದ ಒಂದೊಂದೇ ಉಂಗುರ ಎಣಿಸಿದರು. "ಹಾಗಾದರೆ ನೀನು ಸರಿಯಾಗಿಯೇ ಕೆತ್ತಿದ್ದೆ" ಅಂದರು.

ಆ ದಿನವೇ ಹಲಸಿನ ಲೆಕ್ಕವೂ ನನಗೆ ಅರ್ಥವಾದದ್ದು. ಆ ಬೇಸಗೆಯ ಕಾಯಿ ಬೇರಿನ ಪಾಲಿನ ಅನ್ನ. ಇಳಿಯಲು ದಾರಿ ಇಲ್ಲದೆ ಮೇಲೆಯೇ ಉಳಿದು ಕಾಯಿಗೆ ಸೇರಿತ್ತು. ಅಜ್ಜಿ ಅದನ್ನು ಮರ ಬದುಕಿದ ಗುರುತು ಅಂದುಕೊಂಡಿದ್ದಳು.

ಅಪ್ಪನಿಗೆ ಹೇಳಿದೆ. ಅಜ್ಜಿಗೆ ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದವರ ಹತ್ತಿರ ಅವಳು ಕೊನೆಯವರೆಗೂ ಹೇಳುತ್ತಿದ್ದಳು, "ಹೋಗುವಾಗ ನಮಗೆ ಕೊಟ್ಟೇ ಹೋಯಿತು ಆ ಮರ." ಅಲ್ಲ ಅನ್ನಲು ನನಗೂ ಆಗುವುದಿಲ್ಲ.

ಬಳ್ಳಿ ಈಗ ಪಕ್ಕದ ಹೆಬ್ಬಲಸಿಗೆ ಹಬ್ಬಿದೆ. ನಾನು ಕೆತ್ತಿದ ಜಾಗದಲ್ಲಿ ಒಂದು ಗಂಟು ಇದೆ.