ಜಗಲಿಯ ಮೇಲೊಂದು ವೋಲ್ವೊ ವ್ಯಾಜ್ಯ

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ನಮ್ಮೂರು ಉಡುತಡಿಗೆ ಬಂದಿದ್ದ. ಹೊರಡುವ ಮುನ್ನ ಫೋನು ಮಾಡಿ, "ಮಾವ, ಈ ಸಲ ವೋಲ್ವೊದಲ್ಲಿ ಬರ್ತಿದೀನಿ" ಎಂದಿದ್ದ. ಈ ಸುದ್ದಿಯನ್ನು ಪಕ್ಕದ ಮನೆಯ ಅಜ್ಜಿಗೆ ನಾನೇ ಹೇಳಿದ್ದೆ. ಮರುದಿನ ಬೆಳಿಗ್ಗೆ ಅವರು ನಮ್ಮ ಅಂಗಳದಲ್ಲಿ ನಿಂತಿದ್ದ ಬೂದು ಬಣ್ಣದ ಕಾರನ್ನು ಒಂದು ಸುತ್ತು ಹಾಕಿ ನೋಡಿ, "ವೋಲ್ವೊ ಅಂದ್ಯಲ್ಲೋ ತಮ್ಮಾ, ಬಸ್ಸೆಲ್ಲಿ?" ಎಂದು ಕೇಳಿದರು.

ಅಜ್ಜಿಯ ತಪ್ಪೇನಿಲ್ಲ. ನಮ್ಮ ರಾಜ್ಯದಲ್ಲಿ ವೋಲ್ವೊ ಎಂದರೆ ಬಸ್ಸು. ಸಾರಿಗೆ ಸಂಸ್ಥೆಯ ಐರಾವತ ಬಂದ ಮೇಲೆ ಆ ಹೆಸರು ಎಲ್ಲರ ಬಾಯಲ್ಲೂ ನಿಂತುಬಿಟ್ಟಿದೆ. ಅದೇ ಹೆಸರಿನ ಕಾರೂ ಇದೆ, ಅದರ ಬೆಲೆ ಅರ್ಧ ಕೋಟಿ ದಾಟುತ್ತದೆ ಎಂದರೆ ನಂಬುವವರು ಕಡಿಮೆ. ನನಗಂತೂ ಬೆಲೆ ಕೇಳಿದೊಡನೆ ಬಾಯಿಗೆ ಬಂದ ಮೊದಲ ಪ್ರಶ್ನೆ, "ತಿಂಗಳ ಕಂತೆಷ್ಟು?" ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ಮತ್ತೇನು ಕೇಳಿಯಾನು!

ಊಟದ ನಂತರ ಜಗಲಿಯ ಮೇಲೆ ವ್ಯಾಜ್ಯ ಶುರುವಾಯಿತು. ಆರನೇ ತರಗತಿಯ ಮೊಮ್ಮಗನ ಪ್ರಕಾರ ಅದು ಅಪ್ಪಟ ಐಷಾರಾಮಿ ಕಾರು. ಮುಂದಿನ ದೀಪ ಮಲಗಿಸಿದ ಸುತ್ತಿಗೆಯ ಆಕಾರದಲ್ಲಿದೆ, ಅದಕ್ಕೆ ಥಾರ್ ಎಂಬ ದೇವರ ಸುತ್ತಿಗೆ ಎಂದೇ ಹೆಸರು, ಚಾವಣಿಗೆ ಗಾಜು ಹಾಕಿದ್ದಾರೆ, ಇನ್ನೇನು ಬೇಕು ಎಂಬುದು ಅವನ ವಾದ. ಒಂಬತ್ತನೇ ತರಗತಿಯ ಮೊಮ್ಮಗಳು ಒಪ್ಪಲಿಲ್ಲ. "ಐಷಾರಾಮಿ ಅಂದ್ರೆ ಬೆಂಜ್, ಬಿಎಂಡಬ್ಲ್ಯು, ಆಡಿ. ಇದು ಬರೀ ಚೆಂದದ ಕಾರು. ಬಸ್ಸಿನ ಹೆಸರಿಟ್ಟುಕೊಂಡಿರೋದು ಐಷಾರಾಮಿ ಹೇಗಾಗುತ್ತೆ?" ಎಂದಳು.

"ಬಸ್ಸಿನ ಕಂಪನಿ ಬೇರೆ, ಕಾರಿನ ಕಂಪನಿ ಬೇರೆ ಕಣೇ" ಎಂದ ನನ್ನ ಸೋದರಳಿಯ. ಸ್ವೀಡನ್ನಿನಲ್ಲಿ 1927ರಲ್ಲಿ ಮೊದಲ ಕಾರು ತಯಾರಿಸಿದ ಈ ಸಂಸ್ಥೆ 1999ರಲ್ಲಿ ತನ್ನ ಕಾರಿನ ವಿಭಾಗವನ್ನು ಅಮೆರಿಕದ ಫೋರ್ಡ್‌ಗೆ ಮಾರಿತಂತೆ. 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಕೈಸೇರಿತು. ಬಸ್ಸು, ಲಾರಿಗಳು ಮಾತ್ರ ಹಳೆಯ ಸಂಸ್ಥೆಯಲ್ಲೇ ಉಳಿದವು. ಹೆಸರು ಒಂದೇ, ಒಲೆ ಎರಡು. ಪಾಲಾದ ಅಣ್ಣತಮ್ಮಂದಿರ ಹಾಗೆ! ಈ ಕಾರನ್ನು 2017ರಿಂದ ನಮ್ಮ ಹೊಸಕೋಟೆಯಲ್ಲೇ ಜೋಡಿಸುತ್ತಾರೆ ಎಂದೂ ಹೇಳಿದ.

"ಅಜ್ಜ ಬಿಕಾಂ. ಅಜ್ಜನೇ ತೀರ್ಪು ಹೇಳಲಿ" ಎಂದರು ಮಕ್ಕಳು.

ನಾನು ಕನ್ನಡಕ ಸರಿಮಾಡಿಕೊಂಡು ಕುಳಿತೆ. ನಮ್ಮ ಕಾಲೇಜಿನ ಅರ್ಥಶಾಸ್ತ್ರದ ಪಾಠದಲ್ಲಿ ಮನುಷ್ಯನ ಬಯಕೆಗಳಿಗೆ ಮೂರು ಕಂಬಗಳಿದ್ದವು: ಅಗತ್ಯ, ಅನುಕೂಲ, ಭೋಗ. ಅನ್ನ ಅಗತ್ಯ, ಬೀಸಣಿಗೆ ಅನುಕೂಲ, ವಜ್ರದ ಉಂಗುರ ಭೋಗ. ಪರೀಕ್ಷೆಗೆ ಇಷ್ಟು ಸಾಕಾಗುತ್ತಿತ್ತು, ಬದುಕಿಗೆ ಸಾಕಾಗಲಿಲ್ಲ. ಏಕೆಂದರೆ ವಸ್ತುಗಳು ಒಂದು ಕಂಬದಲ್ಲಿ ನಿಲ್ಲುವುದಿಲ್ಲ. ನಾನು ಕೆಲಸಕ್ಕೆ ಸೇರಿದಾಗ ಕೈಗಡಿಯಾರವೇ ಭೋಗ. ರೇಡಿಯೊ ಇಟ್ಟುಕೊಂಡವರು ಅಂಚೆ ಕಚೇರಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಊರಿಗೊಂದು ಫೋನಿದ್ದರೆ ಅದೇ ವೈಭವ. ಈಗ ತೋಟದಲ್ಲಿ ಅಡಿಕೆ ಕೊಯ್ಯುವವರ ಜೇಬಿನಲ್ಲೂ ಫೋನು ಹಾಡುತ್ತದೆ.

ಸರ್ಕಾರದ ಲೆಕ್ಕ ಇನ್ನೂ ಸರಳ. ಹತ್ತು ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ವಾಹನ ಕೊಂಡರೆ, ಮಾರುವವರು ಬೆಲೆಯ ಶೇಕಡಾ 1ರಷ್ಟನ್ನು ಆದಾಯ ತೆರಿಗೆಯ ಬಾಬ್ತು ಸಂಗ್ರಹಿಸಬೇಕೆಂಬ ನಿಯಮ 2016ರಿಂದ ಇದೆ. "ಆ ಲೆಕ್ಕದಲ್ಲಿ ಇದು ಐದು ಪಟ್ಟು ಐಷಾರಾಮಿ!" ಎಂದೆ. ಮೊಮ್ಮಗ ಕುಣಿದ. ಮೊಮ್ಮಗಳು ಮುಖ ಊದಿಸಿ, "ಅಕ್ಕಮಹಾದೇವಿ ಹುಟ್ಟಿದ ಊರಲ್ಲಿ ಕೂತು ಎಲ್ಲರೂ ಕಾರಿನ ಬೆಲೆ ಮಾತಾಡ್ತಿದೀರಿ. ಅಕ್ಕ ರಾಜನ ಅರಮನೆಯನ್ನೇ ಬಿಟ್ಟು ಹೋದಳು" ಎಂದಳು. ಜಗಲಿಯ ಮೇಲೆ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ತೀರ್ಪನ್ನು ಮರುದಿನಕ್ಕೆ ಮುಂದೂಡಿದೆ.

ಮರುದಿನ ಎಲ್ಲರೂ ಅದೇ ಕಾರಿನಲ್ಲಿ ಬಳ್ಳಿಗಾವಿಯ ಕೇದಾರೇಶ್ವರ ದೇವಸ್ಥಾನಕ್ಕೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ ಮೊಮ್ಮಕ್ಕಳ ನಡುವೆ ಕುಳಿತೆ. ಸೀಟು ಹಾಸಿಗೆಯಂತಿತ್ತು. ಕಾರು ಹೊರಟಿತೋ ಇಲ್ಲವೋ, ಟಿಣ್ ಟಿಣ್ ಎಂದು ಸದ್ದು. "ಮಾವ, ಬೆಲ್ಟ್ ಹಾಕ್ಕೊಳ್ಳಿ" ಎಂದ ಸೋದರಳಿಯ. "ಹಿಂದೆ ಕೂತವರಿಗೆ ಯಾಕಪ್ಪ? ಇಲ್ಲೇ ಇರೋ ಬಳ್ಳಿಗಾವಿಗೆ?" ಎಂದೆ. ಸದ್ದು ನಿಲ್ಲಲಿಲ್ಲ. ಆಗ ಮೊಮ್ಮಗಳು ನನ್ನ ಹಣೆಯ ಮೇಲಿನ ಗೆರೆಯನ್ನು ಬೆರಳಿನಿಂದ ಮುಟ್ಟಿ, "ಅಜ್ಜ, ಇದು ಹೇಗಾಯ್ತು ಅಂತ ನೀನೇ ಹೇಳಿದ್ದೆಯಲ್ಲ" ಎಂದಳು. ಹಾಗೆನ್ನುತ್ತಲೇ ಪಟ್ಟಿ ಎಳೆದು ಕೊಂಡಿ ಸಿಕ್ಕಿಸಿದಳು. ಸದ್ದು ನಿಂತಿತು.

ಮಕ್ಕಳೇ, ಆ ಗೆರೆಯ ಕಥೆ ಇದು. 1983ರ ಬೇಸಿಗೆ. ಸೊರಬದ ಕಡೆ ಒಂದು ಮದುವೆ ಮುಗಿಸಿ ಬಾಡಿಗೆ ಕಾರಿನಲ್ಲಿ ರಾತ್ರಿ ಊರಿಗೆ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ನನ್ನ ಅಣ್ಣ, ಹಿಂದೆ ನಾನು. ದೀಪವಿಲ್ಲದ ಎತ್ತಿನ ಗಾಡಿಯೊಂದು ಎದುರಾಯಿತು. ಅದನ್ನು ತಪ್ಪಿಸಲು ಹೋಗಿ ಕಾರು ಮರಕ್ಕೆ ಗುದ್ದಿತು. ಕಾರೇನೂ ನುಜ್ಜುಗುಜ್ಜಾಗಿರಲಿಲ್ಲ. ಆದರೆ ಅಣ್ಣನ ಎದೆ ಮುಂದಿನ ಹಲಗೆಗೆ ಬಡಿದಿತ್ತು. ನನ್ನ ಹಣೆಗೆ ಐದು ಹೊಲಿಗೆ ಬಿದ್ದವು. ಅಣ್ಣ ಬೆಳಗಿನ ಜಾವ ತೀರಿಕೊಂಡ. ವರ್ಷಕ್ಕೆ ಎರಡು ಸಲ ಭತ್ತದ ಚೀಲ ಮಾರಿ ನನ್ನ ಬಿಕಾಂ ಫೀಸು ಕಟ್ಟಿದವನು ಅವನು. ಅವನು ಓದಿದ್ದು ನಾಲ್ಕನೇ ಇಯತ್ತೆ.

ಆ ಕಾರಿನಲ್ಲಿ ಸೀಟ್ ಬೆಲ್ಟ್ ಇರಲಿಲ್ಲ. ಅಂಥದ್ದೊಂದು ಇದೆಯೆಂದೇ ನಮಗೆ ಗೊತ್ತಿರಲಿಲ್ಲ.

ಬಳ್ಳಿಗಾವಿಯ ದೇವಸ್ಥಾನದ ಅಂಗಳದಲ್ಲಿ ಕುಳಿತಾಗ ಸೋದರಳಿಯ ಆ ಪಟ್ಟಿಯ ಕಥೆ ಹೇಳಿದ. ನೀಲ್ಸ್ ಬೋಲಿನ್ ಎಂಬ ಎಂಜಿನಿಯರ್ ಮೊದಲು ವಿಮಾನ ತಯಾರಿಸುವಲ್ಲಿದ್ದ. ಅಪಾಯದ ಹೊತ್ತಿನಲ್ಲಿ ಪೈಲಟ್‌ನನ್ನು ಆಸನದ ಸಮೇತ ಹೊರಗೆ ಚಿಮ್ಮಿಸುವ ವ್ಯವಸ್ಥೆಯ ಮೇಲೆ ಕೆಲಸ ಮಾಡಿದವನು. 1958ರಲ್ಲಿ ವೋಲ್ವೊ ಸೇರಿದ. ಆಗಿನ ಕೆಲವು ಕಾರುಗಳಲ್ಲಿ ಸೊಂಟಕ್ಕೆ ಮಾತ್ರ ಪಟ್ಟಿ ಇರುತ್ತಿತ್ತು. ಬೋಲಿನ್ ಸೊಂಟಕ್ಕೊಂದು, ಎದೆಗೆ ಅಡ್ಡಲಾಗಿ ಒಂದು ಪಟ್ಟಿ ಸೇರಿಸಿ, ಎರಡೂ ಪಕ್ಕದ ಒಂದೇ ಕೊಂಡಿಯಲ್ಲಿ ಕೂಡುವಂತೆ ಮಾಡಿದ. ಒಂದೇ ಕೈಯಲ್ಲಿ ಹಾಕಿಕೊಳ್ಳಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ಓಡುತ್ತಿರುತ್ತದೆ. ಕಾರು ಗಕ್ಕನೆ ನಿಂತರೂ ಒಳಗಿರುವ ನಮ್ಮ ದೇಹ ಅದೇ ವೇಗದಲ್ಲಿ ಮುಂದಕ್ಕೆ ಹೋಗುತ್ತದೆ. ಗಾಡಿ ನಿಂತಾಗ ಮೇಲಿನ ಚೀಲ ಮುಂದಕ್ಕೆ ಉರುಳುವುದಿಲ್ಲವೇ, ಹಾಗೆ. ಪಟ್ಟಿಯು ದೇಹವನ್ನು ಗಟ್ಟಿ ಮೂಳೆಗಳಿರುವ ಸೊಂಟ ಮತ್ತು ಎದೆಗೂಡಿನ ಜಾಗದಲ್ಲಿ ಹಿಡಿದು ನಿಲ್ಲಿಸುತ್ತದೆ.

1959ರಲ್ಲಿ ಆ ಪಟ್ಟಿ ವೋಲ್ವೊ ಕಾರುಗಳಿಗೆ ಬಂತು. ಕಂಪನಿಯ ಕೈಯಲ್ಲಿ ಪೇಟೆಂಟ್ ಇತ್ತು. ಬೇರೆಯವರು ಬಳಸಿದರೆ ಹಣ ವಸೂಲಿ ಮಾಡಬಹುದಿತ್ತು. ಮಾಡಲಿಲ್ಲ. ಯಾವ ಕಂಪನಿ ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟಿತು. ಇಂದು ಅಗ್ಗದ ಕಾರಿನಲ್ಲೂ ಇರುವುದು ಅದೇ ನಮೂನೆಯ ಪಟ್ಟಿ.

ಗುಮಾಸ್ತನ ಬುದ್ಧಿ ಸುಮ್ಮನಿರುತ್ತದೆಯೇ? ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 1983ರಲ್ಲಿ 1959 ಕಳೆದರೆ 24. ಅಣ್ಣ ಹೋಗುವ ಹೊತ್ತಿಗೆ ಆ ಪಟ್ಟಿಗೆ 24 ವರ್ಷವಾಗಿತ್ತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1970ರಲ್ಲೇ ಅದನ್ನು ಹಾಕಿಕೊಳ್ಳುವುದು ಕಡ್ಡಾಯವಾಗಿತ್ತು. ಸೊರಬದ ರಸ್ತೆಗೆ ಮಾತ್ರ ಅದಿನ್ನೂ ಬಂದಿರಲಿಲ್ಲ. ದಿನದ ಕೊನೆಗೆ ಎಷ್ಟೋ ಲೆಕ್ಕಗಳನ್ನು ಸರಿಹೊಂದಿಸಿದ್ದೇನೆ. ಇದೊಂದು ಹೊಂದಲಿಲ್ಲ.

ಆ ಸಂಜೆ ಜಗಲಿಯ ಮೇಲೆ ನನ್ನ ತೀರ್ಪು ಹೇಳಿದೆ. "ಮೆತ್ತನೆಯ ಚರ್ಮದ ಸೀಟು, ಗಾಜಿನ ಚಾವಣಿ, ಸುತ್ತಿಗೆಯ ದೀಪ, ಇವು ಐಷಾರಾಮ. ಅಷ್ಟರ ಮಟ್ಟಿಗೆ ಇದು ಐಷಾರಾಮಿ ಕಾರು. ಮೊಮ್ಮಗ ಗೆದ್ದ. ಆದರೆ ಈ ಕಾರಿನವರು ಮಾಡಿದ ಎಲ್ಲಕ್ಕಿಂತ ದೊಡ್ಡ ವಸ್ತು ಆ ಪಟ್ಟಿ. ಅದನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಅದೂ ಹಣವಿದ್ದವರ ಭೋಗವಾಗಿರುತ್ತಿತ್ತು. ಎಲ್ಲರಿಗೂ ಕೊಟ್ಟರು, ಅದು ಅಗತ್ಯದ ಕಂಬಕ್ಕೆ ಬಂತು. ಆದ್ದರಿಂದ ಮೊಮ್ಮಗಳೂ ಗೆದ್ದಳು."

"ಹಾಗಾದ್ರೆ ಸೋತವರು ಯಾರು?" ಎಂದ ಮೊಮ್ಮಗ.

"ನಾನು" ಎಂದೆ. ತಮಾಷೆಯೆಂದು ಎಲ್ಲರೂ ನಕ್ಕರು. ಆದರೆ ನಾನು ನಿಜವನ್ನೇ ಹೇಳಿದ್ದೆ. ಹಣೆಯ ಮೇಲೆ ಗೆರೆ ಇಟ್ಟುಕೊಂಡು, ಅಣ್ಣನನ್ನು ಕಳೆದುಕೊಂಡು, ಇಷ್ಟು ವರ್ಷ ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕದೆ ಓಡಾಡಿದವನು ನಾನು. ನನ್ನ ಓರಗೆಯ ಅಜ್ಜ, ಅಜ್ಜಿಯರೇ, ನೀವೂ ಹೀಗೆಯೇ ಮಾಡುತ್ತಿರಬಹುದು. ಹಿಂದೆ ಕುಳಿತವರೂ ಬೆಲ್ಟ್ ಹಾಕಬೇಕೆಂಬ ನಿಯಮವಿದೆ. 2019ರಲ್ಲಿ ತಿದ್ದುಪಡಿಯಾದ ಕಾಯ್ದೆಯಲ್ಲಿ ತಪ್ಪಿದವರಿಗೆ 1000 ರೂಪಾಯಿ ದಂಡವನ್ನೂ ಹೇಳಿದೆ.

ಹಬ್ಬ ಮುಗಿಯಿತು, ವೋಲ್ವೊ ಬೆಂಗಳೂರಿಗೆ ಹೋಯಿತು. ಮುಂದಿನ ವಾರ ಕಣ್ಣು ತೋರಿಸಲು ಶಿವಮೊಗ್ಗಕ್ಕೆ ಹೋಗಬೇಕಿತ್ತು. ಊರಿನ ಹುಡುಗನ ಹಳೆಯ ಬಾಡಿಗೆ ಕಾರು ಹತ್ತಿದೆ. ಹಿಂದಿನ ಬೆಲ್ಟ್ ಸೀಟಿನ ಹೊದಿಕೆಯ ಕೆಳಗೆ ಎಲ್ಲೋ ಹೂತುಹೋಗಿತ್ತು. ಬಗ್ಗಿ, ಕೈ ಹಾಕಿ ಹುಡುಕತೊಡಗಿದೆ.

"ಬಿಡಿ ಯಜಮಾನ್ರೇ, ಇವತ್ತು ದಾರೀಲಿ ಪೊಲೀಸ್ ಇಲ್ಲ" ಎಂದ ಹುಡುಗ.

"ಪೊಲೀಸಿಗಲ್ಲಪ್ಪ. ಸ್ವಲ್ಪ ಕಾರು ನಿಲ್ಲಿಸು, ಇದನ್ನು ಹೊರಗೆ ತೆಗೆಯೋಣ" ಎಂದೆ.

ಹುಡುಗ ಇಳಿದು ಬಂದು ಹೊದಿಕೆ ಸರಿಸಿದ. ಧೂಳು ಹಿಡಿದ ಪಟ್ಟಿ ಸಿಕ್ಕಿತು. ಅದನ್ನು ಪಂಚೆಯ ತುದಿಯಿಂದ ಒರೆಸಿ ಹಾಕಿಕೊಂಡೆ. ಮುಂದೆ ಹೋಗಿ ಕುಳಿತ ಹುಡುಗ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿ, ತನ್ನದನ್ನೂ ಎಳೆದು ಸಿಕ್ಕಿಸಿಕೊಂಡ.